ಮಂತ್ರಿಮಂಡಲವನ್ನು ತೆಗೆಯುವ ಅಧಿಕಾರ



ರಾಜ್ಯಾಂಗದ ವಿಚಾರವೆಂದರೆ ಅದು ವಕೀಲರಿಗೂ ಪಂಡಿತರಿಗೂ ಸೇರಿದ್ದು, ಸಂಸಾರಿಗಳಾದ ನಮಗೆ ಅದರಿಂದ ಆಗಬೇಕಾದುದೇನು ಎಂದು ಕೇಳುವವರು ಬಹುಮಂದಿ ಇದ್ದಾರೆ. ಅಂಥವರ ಮುಂದೆ ನಾವು ಈ ಹೊತ್ತು ಒಂದೇ ಒಂದು ಪ್ರಶ್ನೆಯನ್ನು ಇಡಬಯಸುತ್ತೇವೆ. ಜನರು ಮತ ಕೊಟ್ಟು ಪ್ರತಿನಿಧಿಗಳನ್ನು ಆರಿಸಿದರು. ಆ ಪ್ರತಿನಿಧಿಗಳ ಬೆಂಬಲದಿಂದ ಒಂದು ಮಂತ್ರಿಮಂಡಲ ಏರ್ಪಟ್ಟಿತು. ಇನ್ನು ಆ ಮಂತ್ರಿಮಂಡಲವನ್ನು ತೆಗೆದುಹಾಕುವ ಅಧಿಕಾರ ಯಾರದು? ಮತ ಕೊಟ್ಟವರದೆ, ಅವರ ಪ್ರತಿನಿಧಿಗಳದೆ, ಅಥವಾ ದೂರದ ರಾಜಧಾನಿಯಲ್ಲಿ ಕುಳಿತು ಒಂದು ಕಾಗದಕ್ಕೆ ರುಜು ಹಾಕುವವರದೆ? ಕೊಟ್ಟ ಮತಕ್ಕೆ ಎಷ್ಟು ಬೆಲೆಯಿದೆ ಎಂಬುದು ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿರುವುದರಿಂದ, ಇದು ಪಂಡಿತರಿಗೆ ಮಾತ್ರ ಸೇರಿದ ವಿಷಯವಲ್ಲವೆಂದು ಒಪ್ಪಬೇಕಾಗುತ್ತದೆ.

ಹುಬ್ಬಳ್ಳಿ ಧಾರವಾಡಗಳ ಜನರಿಗಂತೂ ಇದು ಮನೆಯ ಮಾತು. ಭಾರತದ ಸರ್ವೋಚ್ಚ ನ್ಯಾಯಾಲಯವು ಈ ಪ್ರಶ್ನೆಗೆ ಕೊಟ್ಟಿರುವ ಉತ್ತರಕ್ಕೆ ಹುಬ್ಬಳ್ಳಿಯ ಒಬ್ಬ ವಕೀಲರ ಹೆಸರು ಸೇರಿಕೊಂಡಿದೆ. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಕಾನೂನು ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಬೊಮ್ಮಾಯಿ ಮೊಕದ್ದಮೆಯೆಂದು ಅದನ್ನು ಕಲಿಯುತ್ತಾನೆ. ಆ ಮೊಕದ್ದಮೆಯ ಅರ್ಥ ಸ್ಪಷ್ಟವಾಗಬೇಕಾದರೆ ಮೊದಲು ಯೂರೋಪಿಗೆ ಹೋಗಿ, ಅಲ್ಲಿಂದ ಮುಂಬಯಿಯ ಮಾರ್ಗವಾಗಿ ನಮ್ಮ ನಾಡಿಗೆ ಹಿಂದಿರುಗಬೇಕು.

ಮೊದಲನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯಲ್ಲಿ ಅರಸೊತ್ತಿಗೆ ಹೋಗಿ ಪ್ರಜಾಪ್ರಭುತ್ವ ಬಂದಿತು. ೧೯೧೯ರ ಆಗಸ್ಟಿನಲ್ಲಿ ಆ ದೇಶ ಹೊಸ ರಾಜ್ಯಾಂಗವನ್ನು ಪಡೆಯಿತು. ಅದನ್ನು ರಚಿಸಿದ ಸಭೆ ಸೇರಿದ್ದುದು ವೈಮಾರ್ ಎಂಬ ಪಟ್ಟಣದಲ್ಲಾದುದರಿಂದ ಅದಕ್ಕೆ ವೈಮಾರ್ ರಾಜ್ಯಾಂಗವೆಂದು ಹೆಸರು. ಹಲವು ರಾಜ್ಯಗಳು ಸೇರಿದ ಒಕ್ಕೂಟ ಅದು. ಅದರ ೪೮ನೆಯ ವಿಧಿಯಲ್ಲಿ ಎರಡು ಅಧಿಕಾರಗಳನ್ನು ಅಧ್ಯಕ್ಷರಿಗೆ ಕೊಟ್ಟಿದ್ದರು. ಯಾವುದಾದರೊಂದು ರಾಜ್ಯವು ಒಕ್ಕೂಟಕ್ಕೆ ಸಲ್ಲಿಸಬೇಕಾದ ಕರ್ತವ್ಯವನ್ನು ಸಲ್ಲಿಸದಿದ್ದರೆ ಬಲಪ್ರಯೋಗದಿಂದ ಅದನ್ನು ದಾರಿಗೆ ತರಬಹುದು ಎಂಬುದು ಒಂದು. ಸಾರ್ವಜನಿಕ ಶಾಂತಿಗೆ ಗಂಡಾಂತರ ಬಂದಾಗ ಬೇಕಾದ ಕ್ರಮಗಳನ್ನು ಕೈಗೊಳ್ಳಬಹುದು, ಕೆಲವು ಮೂಲಭೂತ ಹಕ್ಕುಗಳನ್ನು ತಾತ್ಕಾಲಿಕವಾಗಿ ತಡೆಹಿಡಿಯಬಹುದು ಎಂಬುದು ಇನ್ನೊಂದು. ಇದರ ವಿವರಗಳನ್ನು ಬೇರೆ ಕಾಯಿದೆಯಿಂದ ಗೊತ್ತುಮಾಡತಕ್ಕದ್ದೆಂದೂ ಅದೇ ವಿಧಿಯಲ್ಲಿ ಬರೆದಿದ್ದಿತು. ಆ ಕಾಯಿದೆ ಕೊನೆಯವರೆಗೂ ಹುಟ್ಟಲೇ ಇಲ್ಲ. ಬೇಲಿ ಹಾಕಬೇಕೆಂದು ಬರೆದಿಟ್ಟು ಬೇಲಿಯನ್ನೇ ಹಾಕದೆ ಬಿಟ್ಟಂತಾಯಿತು.

ಜರ್ಮನಿಯ ರಾಜ್ಯಗಳಲ್ಲೆಲ್ಲ ದೊಡ್ಡದು ಪ್ರಷ್ಯ. ದೇಶದ ಜನಸಂಖ್ಯೆಯಲ್ಲಿ ಐದರಲ್ಲಿ ಮೂರು ಪಾಲು ಅಲ್ಲಿಯೇ ಇದ್ದಿತು. ೧೯೩೨ರ ಏಪ್ರಿಲ್ ಚುನಾವಣೆಯಲ್ಲಿ ಅಲ್ಲಿನ ಮುಖ್ಯಮಂತ್ರಿ ಆಟೋ ಬ್ರೌನರ ಪಕ್ಷಗಳು ಬಹುಮತ ಕಳೆದುಕೊಂಡವು. ಆದರೆ ಬೇರೊಬ್ಬರಿಗೂ ಬಹುಮತ ಬರಲಿಲ್ಲವಾಗಿ ಬ್ರೌನರೇ ಉಸ್ತುವಾರಿ ಸರ್ಕಾರ ನಡೆಸುತ್ತಿದ್ದರು. ಆ ವರ್ಷದ ಜುಲೈ ೧೭ರಂದು ಆಲ್ಟೋನ ಎಂಬ ಊರಿನಲ್ಲಿ ಬೀದಿಕಾಳಗವಾಗಿ ಜನರು ಸತ್ತರು. ಮೂರೇ ದಿನಗಳಲ್ಲಿ, ಜುಲೈ ೨೦ರಂದು, ಕೇಂದ್ರದ ಪ್ರಧಾನಿ ಫ್ರಾಂಜ್ ಫಾನ್ ಪಾಪೆನ್ ಅವರು ಅಧ್ಯಕ್ಷ ಹಿಂಡೆನ್‌ಬರ್ಗರ ರುಜುವಿರುವ ಆಜ್ಞೆಯನ್ನು ತೋರಿಸಿ ಪ್ರಷ್ಯದ ಮಂತ್ರಿಗಳನ್ನು ಕೆಳಗಿಳಿಸಿ ತಾವೇ ಆ ರಾಜ್ಯದ ಆಡಳಿತವನ್ನು ವಹಿಸಿಕೊಂಡರು. ಬ್ರೌನರ ಸರ್ಕಾರ ಪೋಲೀಸರನ್ನು ಬೀದಿಗಿಳಿಸಲಿಲ್ಲ. ಲೈಪ್‌ಜಿಗ್ ನಗರದಲ್ಲಿದ್ದ ರಾಜ್ಯಾಂಗ ನ್ಯಾಯಾಲಯಕ್ಕೆ ಹೋಯಿತು.

ಅಕ್ಟೋಬರ್ ತಿಂಗಳಿನಲ್ಲಿ ವಾದ ನಡೆಯಿತು. ಆ ಕಾಲದ ಜರ್ಮನಿಯ ದೊಡ್ಡ ದೊಡ್ಡ ನ್ಯಾಯಶಾಸ್ತ್ರಜ್ಞರು ಎದುರುಬದುರಾಗಿ ನಿಂತರು. ಕಾರ್ಲ್ ಶ್ಮಿಟ್ ಕೇಂದ್ರದ ಪರವಾಗಿ, ಹರ್ಮನ್ ಹೆಲ್ಲರ್ ಮತ್ತು ಗೆರ್ಹಾರ್ಡ್ ಆನ್‌ಷುಟ್ಸ್ ಪ್ರಷ್ಯದ ಕಡೆಗೆ. ೧೯೩೨ರ ಅಕ್ಟೋಬರ್ ೨೫ರಂದು ತೀರ್ಪು ಬಂದಿತು. ಪ್ರಷ್ಯ ತನ್ನ ಕರ್ತವ್ಯವನ್ನು ಮೀರಿತೆಂಬ ಆಪಾದನೆಗೆ ಆಧಾರವಿಲ್ಲವೆಂದು ನ್ಯಾಯಾಧೀಶರು ಹೇಳಿದರು. ಒಕ್ಕೂಟದ ಮೇಲ್ಮನೆಯಲ್ಲಿ ಪ್ರಷ್ಯವನ್ನು ಪ್ರತಿನಿಧಿಸುವ ಹಕ್ಕು ಬ್ರೌನರ ಮಂತ್ರಿಮಂಡಲಕ್ಕೇ ಸೇರಿದುದೆಂದರು. ಆದರೆ ಶಾಂತಿರಕ್ಷಣೆಗಾಗಿ ಆಡಳಿತವನ್ನು ತಾತ್ಕಾಲಿಕವಾಗಿ ಕೇಂದ್ರ ವಹಿಸಿಕೊಂಡದ್ದು ಸರಿಯೆಂದೂ ಹೇಳಿಬಿಟ್ಟರು. ಮಂತ್ರಿಗಳಿಗೆ ಪದವಿ ಉಳಿಯಿತು, ಪೋಲೀಸು ಬೊಕ್ಕಸ ಕಚೇರಿಗಳೆಲ್ಲ ಕೇಂದ್ರದ ಕೈಯಲ್ಲೇ ನಿಂತವು. ಈ ತೀರ್ಪು ಬಂದು ಮೂರು ತಿಂಗಳು ಐದು ದಿನಗಳಾದ ಮೇಲೆ, ೧೯೩೩ರ ಜನವರಿ ೩೦ರಂದು, ಅಡಾಲ್ಫ್ ಹಿಟ್ಲರ್ ಪ್ರಧಾನಿಯಾದನು. ಪ್ರಷ್ಯದ ಆಡಳಿತಯಂತ್ರ ಸಿದ್ಧವಾಗಿ ಅವನ ಪಕ್ಷದವರ ಕೈಸೇರಿತು. ಫೆಬ್ರವರಿ ೨೮ರಂದು ಪ್ರಜೆಗಳ ಹಕ್ಕುಗಳನ್ನು ತಡೆಹಿಡಿದ ಆಜ್ಞೆ ಹೊರಟುದೂ ಅದೇ ೪೮ನೆಯ ವಿಧಿಯ ಕೆಳಗೆ. ತೀರ್ಪೊಂದರಿಂದಲೇ ಜರ್ಮನಿ ಕೆಟ್ಟಿತೆಂದು ಹೇಳುವುದು ಅತಿಯಾದೀತು. ಆದರೆ ಅನರ್ಥವನ್ನು ತಡೆಯಬಹುದಾಗಿದ್ದ ಗೋಡೆಗಳಲ್ಲಿ ಒಂದು ಅಂದು ಬಿದ್ದಿತೆಂಬುದರಲ್ಲಿ ಸಂದೇಹವಿಲ್ಲ.

ಇನ್ನು ನಮ್ಮ ದೇಶಕ್ಕೆ ಬರೋಣ. ಬ್ರಿಟಿಷ್ ಪಾರ್ಲಿಮೆಂಟು ೧೯೩೫ರಲ್ಲಿ ಮಾಡಿದ ಭಾರತ ಸರ್ಕಾರ ಕಾಯಿದೆಯ ೯೩ನೆಯ ಪ್ರಕರಣವು ಪ್ರಾಂತದ ಗವರ್ನರನಿಗೆ ಇಂಥದೇ ಅಧಿಕಾರವನ್ನು ಕೊಟ್ಟಿದ್ದಿತು. ಪ್ರಾಂತದ ಸರ್ಕಾರವನ್ನು ಕಾಯಿದೆಯಂತೆ ನಡೆಸುವುದು ಅಸಾಧ್ಯವೆಂದು ಅವನ ಮನಸ್ಸಿಗೆ ತೋರಿದರೆ ಸಾಕು, ಘೋಷಣೆ ಹೊರಡಿಸಿ ಸರ್ವಾಧಿಕಾರವನ್ನೂ ತಾನೇ ವಹಿಸಿಕೊಳ್ಳಬಹುದು. ಇದರ ರುಚಿ ಧಾರವಾಡ ಜಿಲ್ಲೆಗೆ ಚೆನ್ನಾಗಿ ಗೊತ್ತು. ಆಗ ಆ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಭಾರತೀಯರನ್ನು ಕೇಳದೆ ಭಾರತವನ್ನು ಎರಡನೆಯ ಮಹಾಯುದ್ಧಕ್ಕೆ ಸೇರಿಸಿದುದನ್ನು ಪ್ರತಿಭಟಿಸಿ ೧೯೩೯ರ ನವೆಂಬರಿನಲ್ಲಿ ಬಾಳಾ ಸಾಹೇಬ ಖೇರರ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಅಂದಿನಿಂದ ೧೯೪೬ರವರೆಗೆ, ಆರು ವರ್ಷಗಳಿಗೂ ಮಿಕ್ಕಿ, ಹುಬ್ಬಳ್ಳಿ ಧಾರವಾಡಗಳನ್ನು ಆಳಿದುದು ಗವರ್ನರನೂ ಅವನ ಸಲಹೆಗಾರರೂ. ಯುದ್ಧದ ತೆರಿಗೆ, ಧಾನ್ಯದ ನಿಯಂತ್ರಣ, ೧೯೪೨ರ ಚಳವಳಿಯ ಬಂಧನಗಳು, ಇವೆಲ್ಲವೂ ಶಾಸನಸಭೆಗೆ ಉತ್ತರ ಹೇಳಬೇಕಾದ ಮಂತ್ರಿ ಒಬ್ಬನೂ ಇಲ್ಲದ ಕಾಲದಲ್ಲಿ ನಡೆದುವು.

ಇಂಥ ಅನುಭವವುಳ್ಳವರೇ ಸ್ವತಂತ್ರ ಭಾರತದ ರಾಜ್ಯಾಂಗವನ್ನು ಬರೆಯಲು ಕುಳಿತರು. ಆದರೂ ಆ ಪ್ರಕರಣದ ಸಾರವನ್ನು ಅವರು ೩೫೬ನೆಯ ವಿಧಿಯಾಗಿ ಉಳಿಸಿಕೊಂಡರು. ಕಾರಣವಿಲ್ಲದೆ ಅಲ್ಲ. ದೇಶ ಇಬ್ಭಾಗವಾಗಿತ್ತು, ಸಂಸ್ಥಾನಗಳು ಆಗತಾನೆ ಸೇರಿದ್ದವು, ಒಂದು ರಾಜ್ಯದ ಆಡಳಿತ ನಿಜವಾಗಿಯೂ ಕುಸಿದರೆ ಅಲ್ಲಿನ ಜನರನ್ನು ಕಾಯುವವರು ಯಾರು ಎಂಬ ಚಿಂತೆ ಅವರದು. ಮಂಗಳೂರಿನಲ್ಲಿ ಹುಟ್ಟಿ ಮಧ್ಯಪ್ರಾಂತದಿಂದ ಸದಸ್ಯರಾಗಿದ್ದ ಹರಿ ವಿಷ್ಣು ಕಾಮತರು ತುರ್ತು ಅಧಿಕಾರಗಳ ಚರ್ಚೆಯಲ್ಲಿ ವೈಮಾರ್ ರಾಜ್ಯಾಂಗದ ಗತಿಯನ್ನು ನೆನಪಿಸಿ ಎಚ್ಚರಿಕೆ ಕೊಟ್ಟರು. ಡಾಕ್ಟರ್ ಅಂಬೇಡ್ಕರರು ೧೯೪೯ರ ಆಗಸ್ಟ್ ೪ರಂದು ಉತ್ತರ ಹೇಳುತ್ತ, ದುರುಪಯೋಗದ ಭಯವನ್ನು ಅಲ್ಲಗಳೆಯಲಿಲ್ಲ. ಈ ವಿಧಿ ಬಳಕೆಯೇ ಇಲ್ಲದೆ ಸತ್ತ ಅಕ್ಷರವಾಗಿ ಉಳಿಯಲೆಂದು ಹಾರೈಸಿದರು. ಮೊದಲು ಎಚ್ಚರಿಕೆ, ಅದು ಫಲಿಸದಿದ್ದರೆ ಚುನಾವಣೆ, ಇವೆರಡೂ ಸಾಲದಾದಾಗ ಮಾತ್ರ ಈ ಅಸ್ತ್ರ ಎಂಬ ಕ್ರಮವನ್ನೂ ಸೂಚಿಸಿದರು. ಆದರೆ ಈ ಕ್ರಮ ಅವರ ಭಾಷಣದಲ್ಲಿ ಉಳಿಯಿತೇ ಹೊರತು ವಿಧಿಯ ಮಾತುಗಳಲ್ಲಿ ಸೇರಲಿಲ್ಲ.

ಮುಂದೇನಾಯಿತು? ೧೯೫೧ರಲ್ಲಿ ಪಂಜಾಬಿನಿಂದ ಮೊದಲಾಗಿ, ೧೯೫೯ರಲ್ಲಿ ಕೇರಳದಲ್ಲಿ, ೧೯೭೭ರಲ್ಲಿ ಒಮ್ಮೆಗೇ ಒಂಬತ್ತು ರಾಜ್ಯಗಳಲ್ಲಿ, ೧೯೮೦ರಲ್ಲಿ ಮತ್ತೆ ಒಂಬತ್ತು ರಾಜ್ಯಗಳಲ್ಲಿ, ಕೇಂದ್ರದಲ್ಲಿ ಯಾವ ಪಕ್ಷವಿದ್ದರೂ ಆ ಅಸ್ತ್ರದ ಪ್ರಯೋಗ ನಡೆಯಿತು. ೧೯೭೫ರ ೩೮ನೆಯ ತಿದ್ದುಪಡಿ, ರಾಷ್ಟ್ರಪತಿಗಳಿಗೆ ಮನವರಿಕೆಯಾದುದನ್ನು ಯಾವ ನ್ಯಾಯಾಲಯವೂ ಪ್ರಶ್ನಿಸಕೂಡದೆಂದು ಬಾಗಿಲು ಮುಚ್ಚಿತು. ೧೯೭೮ರ ೪೪ನೆಯ ತಿದ್ದುಪಡಿ ಆ ಅಗಳಿಯನ್ನು ತೆಗೆಯಿತು. ಕೇಂದ್ರ ಮತ್ತು ರಾಜ್ಯಗಳ ಸಂಬಂಧವನ್ನು ವಿಚಾರಿಸಿದ ಸರ್ಕಾರಿಯಾ ಆಯೋಗವು ೧೯೮೮ರಲ್ಲಿ ಕೊಟ್ಟ ವರದಿಯಲ್ಲಿ, ಈ ವಿಧಿಯನ್ನು ಬೇರೆ ದಾರಿಯೇ ಇಲ್ಲದಾಗ ಮಾತ್ರ ಅಪರೂಪವಾಗಿ ಬಳಸಬೇಕೆಂದು ಹೇಳಿತು. ವರದಿ ಬಂದು ಹೆಚ್ಚು ದಿನವಾಗಿರಲಿಲ್ಲ. ಸರದಿ ಕರ್ನಾಟಕಕ್ಕೆ ಬಂದಿತು.

ಸೋಮಪ್ಪ ರಾಯಪ್ಪ ಬೊಮ್ಮಾಯಿಯವರು ೧೯೨೪ರಲ್ಲಿ ಹಳೆಯ ಧಾರವಾಡ ಜಿಲ್ಲೆಯ ಕಾರಡಗಿಯಲ್ಲಿ ಹುಟ್ಟಿದವರು; ಹುಬ್ಬಳ್ಳಿಯಲ್ಲಿ ವಕೀಲಿ ನಡೆಸಿದವರು; ಮಾನವೇಂದ್ರನಾಥ ರಾಯರ ವಿಚಾರಗಳನ್ನು ಮೆಚ್ಚಿದವರು; ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಿಂದ ಶಾಸನಸಭೆಗೆ ಆರಿಸಿಬಂದವರು. ರಾಮಕೃಷ್ಣ ಹೆಗಡೆಯವರ ರಾಜೀನಾಮೆಯ ನಂತರ ೧೯೮೮ರ ಆಗಸ್ಟ್ ೧೩ರಂದು ಮುಖ್ಯಮಂತ್ರಿಗಳಾದರು. ೧೯೮೯ರ ಏಪ್ರಿಲ್ ೧೫ರಂದು ಅವರು ಮಂತ್ರಿಮಂಡಲವನ್ನು ವಿಸ್ತರಿಸಿ ಹದಿಮೂರು ಮಂದಿಯನ್ನು ಸೇರಿಸಿಕೊಂಡರು. ಅದರಿಂದ ಕೆಲವರಿಗೆ ಅಸಮಾಧಾನ ಉಂಟಾಯಿತು. ಎರಡು ದಿನಗಳ ಮೇಲೆ ಶಾಸಕರೊಬ್ಬರು ತಾವು ಪಕ್ಷ ಬಿಟ್ಟುದಾಗಿ ತಿಳಿಸಿ, ಬೆಂಬಲವನ್ನು ಹಿಂತೆಗೆದುಕೊಂಡಿರುವುದಾಗಿ ಹೇಳುವ ಹತ್ತೊಂಬತ್ತು ಕಾಗದಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಗಿತ್ತರು. ೧೯ರಂದು ರಾಜ್ಯಪಾಲರು ರಾಷ್ಟ್ರಪತಿಗಳಿಗೆ ವರದಿ ಕಳುಹಿದರು. ಮರುದಿನವೇ ಆ ಹತ್ತೊಂಬತ್ತು ಮಂದಿಯಲ್ಲಿ ಏಳು ಮಂದಿ, ತಮ್ಮ ರುಜುವನ್ನು ತಪ್ಪು ಹೇಳಿಕೆಯಿಂದ ಪಡೆಯಲಾಯಿತು, ತಾವು ಮಂತ್ರಿಮಂಡಲದ ಪರವಾಗಿಯೇ ಇದ್ದೇವೆ ಎಂದು ಬರೆದರು. ಮುಖ್ಯಮಂತ್ರಿಗಳು ರಾಜ್ಯಪಾಲರನ್ನು ಕಂಡು, ಏಪ್ರಿಲ್ ೨೭ಕ್ಕೆ ಗೊತ್ತಾಗಿದ್ದ ಅಧಿವೇಶನದಲ್ಲಿ, ಬೇಕಾದರೆ ಅದಕ್ಕೂ ಮೊದಲೇ ಸಭೆ ಸೇರಿಸಿ, ಬಹುಮತವನ್ನು ತೋರಿಸುವುದಾಗಿ ಬಿನ್ನವಿಸಿದರು. ರಾಜ್ಯಪಾಲರು ಒಪ್ಪಲಿಲ್ಲ, ಎರಡನೆಯ ವರದಿ ಹೊರಟಿತು. ಏಪ್ರಿಲ್ ೨೧ರಂದು ಘೋಷಣೆಯಾಗಿ ಮಂತ್ರಿಮಂಡಲವೂ ಶಾಸನಸಭೆಯೂ ಕೊನೆಗೊಂಡವು. ಅಧಿವೇಶನಕ್ಕೆ ಇನ್ನು ಆರು ದಿನವಿದ್ದಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಬೊಮ್ಮಾಯಿಯವರಿಗೆ ಆ ದಿನ ನಿಜವಾಗಿಯೂ ಬಹುಮತವಿದ್ದಿತೇ ಇಲ್ಲವೇ ಎಂಬುದು ಇಂದಿಗೂ ಯಾರಿಗೂ ತಿಳಿಯದು. ತಿಳಿಯುವ ಉಪಾಯ ಒಂದೇ ಇದ್ದಿತು, ಅದನ್ನೇ ನಡೆಯಗೊಡಿಸಲಿಲ್ಲ. ಸಭೆಯಲ್ಲಿ ಸೋತಿದ್ದರೆ ಅವರು ಕೆಳಗಿಳಿಯುತ್ತಿದ್ದರು, ಯಾರೂ ದೂರುವಂತಿರಲಿಲ್ಲ. ಆದುದರಿಂದ ಈ ಮೊಕದ್ದಮೆಯ ತಿರುಳು ಒಬ್ಬ ಮುಖ್ಯಮಂತ್ರಿಯ ಕುರ್ಚಿಯಲ್ಲ. ಕಾಗದದ ಮೇಲಿನ ಎಣಿಕೆಯನ್ನು ನಂಬಬೇಕೋ, ಸಭೆಯಲ್ಲಿ ಎಲ್ಲರೂ ನೋಡುತ್ತಿರುವಂತೆ ನಡೆಯುವ ಎಣಿಕೆಯನ್ನು ನಂಬಬೇಕೋ ಎಂಬುದೇ ಪ್ರಶ್ನೆ.

ಬೊಮ್ಮಾಯಿಯವರೂ ಅವರ ಕೆಲವು ಸಹೋದ್ಯೋಗಿಗಳೂ ಏಪ್ರಿಲ್ ೨೬ರಂದೇ ಕರ್ನಾಟಕ ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ಅರ್ಜಿಯನ್ನು ತಳ್ಳಿಹಾಕಿತು. ಅಲ್ಲಿಂದ ವಿಷಯ ದೆಹಲಿಗೆ ಹೋಗಿ, ನಾಗಾಲ್ಯಾಂಡ್, ಮೇಘಾಲಯ, ಹಾಗೂ ೧೯೯೨ರ ಡಿಸೆಂಬರಿನಲ್ಲಿ ಅಯೋಧ್ಯೆಯ ಘಟನೆಯ ನಂತರ ವಜಾ ಆದ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ಮೊಕದ್ದಮೆಗಳೊಡನೆ ಸೇರಿಕೊಂಡಿತು. ಒಂಬತ್ತು ನ್ಯಾಯಮೂರ್ತಿಗಳ ಪೀಠವು ೧೯೯೪ರ ಮಾರ್ಚ್ ೧೧ರಂದು ತೀರ್ಪಿತ್ತಿತು. ಕರ್ನಾಟಕ, ನಾಗಾಲ್ಯಾಂಡ್, ಮೇಘಾಲಯಗಳ ಘೋಷಣೆಗಳು ರಾಜ್ಯಾಂಗಕ್ಕೆ ವಿರುದ್ಧವೆಂದೂ, ಉಳಿದ ಮೂರು ರಾಜ್ಯಗಳವು ಸಿಂಧುವೆಂದೂ ತೀರ್ಮಾನವಾಯಿತು. ಜಾತ್ಯತೀತತೆಯು ರಾಜ್ಯಾಂಗದ ಮೂಲ ಲಕ್ಷಣಗಳಲ್ಲಿ ಒಂದೆಂಬುದು ಈ ಎರಡನೆಯ ಭಾಗಕ್ಕೆ ಆಧಾರ.

ಆ ತೀರ್ಪು ಹಾಕಿಕೊಟ್ಟ ಕಟ್ಟಳೆಗಳನ್ನು ಸಂಕ್ಷೇಪವಾಗಿ ಹೇಳುವುದಾದರೆ ಇಷ್ಟು. ಮಂತ್ರಿಮಂಡಲಕ್ಕೆ ಬಹುಮತವುಂಟೋ ಇಲ್ಲವೋ ಎಂಬುದನ್ನು ಪರೀಕ್ಷಿಸತಕ್ಕ ಸ್ಥಳ ಶಾಸನಸಭೆ; ರಾಜ್ಯಪಾಲರ ಖಾಸಗಿ ಅಭಿಪ್ರಾಯ ಅದಕ್ಕೆ ಬದಲಾಗಲಾರದು. ರಾಷ್ಟ್ರಪತಿಗಳ ಘೋಷಣೆಯನ್ನು ನ್ಯಾಯಾಲಯ ವಿಮರ್ಶಿಸಬಹುದು. ಅದಕ್ಕೆ ಯಾವ ಆಧಾರಗಳಿದ್ದವೆಂದು ಕೇಂದ್ರ ಸರ್ಕಾರವು ನ್ಯಾಯಾಲಯದ ಮುಂದೆ ಇಡಬೇಕು. ಪಾರ್ಲಿಮೆಂಟಿನ ಎರಡು ಸಭೆಗಳೂ ಒಪ್ಪುವ ಮೊದಲು ಶಾಸನಸಭೆಯನ್ನು ವಿಸರ್ಜಿಸಕೂಡದು, ಅಮಾನತಿನಲ್ಲಿಡಬಹುದು ಅಷ್ಟೆ. ಘೋಷಣೆ ತಪ್ಪೆಂದು ಕಂಡುಬಂದರೆ ಹಿಂದಿನ ಮಂತ್ರಿಮಂಡಲವನ್ನೂ ಶಾಸನಸಭೆಯನ್ನೂ ಮತ್ತೆ ನಿಲ್ಲಿಸುವ ಶಕ್ತಿ ನ್ಯಾಯಾಲಯಕ್ಕುಂಟು. ಅಂಬೇಡ್ಕರರು ಭಾಷಣದಲ್ಲಿ ಹಾರೈಸಿದ ಸಂಯಮಕ್ಕೆ ನಾಲ್ಕೂವರೆ ದಶಕಗಳ ನಂತರ ಕಾನೂನಿನ ಬಲ ಬಂದಂತಾಯಿತು.

ಈಗ ಲೈಪ್‌ಜಿಗ್ಗನ್ನೂ ದೆಹಲಿಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗೋಣ. ಲೈಪ್‌ಜಿಗ್ಗಿನ ನ್ಯಾಯಾಧೀಶರು ಸುಮಾರು ಮೂರು ತಿಂಗಳಲ್ಲಿ ತೀರ್ಪು ಕೊಟ್ಟರು, ಆದರೆ ಅರ್ಧ ಕೊಟ್ಟರು. ದೆಹಲಿಯ ನ್ಯಾಯಮೂರ್ತಿಗಳು ಪೂರ್ತಿ ಕೊಟ್ಟರು, ಆದರೆ ಐದು ವರ್ಷಗಳಿಗೆ ಸ್ವಲ್ಪ ಕಡಮೆಯಾದ ಕಾಲದ ಮೇಲೆ ಕೊಟ್ಟರು. ಅಷ್ಟರಲ್ಲಿ ಕರ್ನಾಟಕದಲ್ಲಿ ೧೯೮೯ರ ಚುನಾವಣೆ ನಡೆದು ಬೇರೆ ಸರ್ಕಾರಗಳು ಬಂದು ಹೋಗಿದ್ದವು. ಬೊಮ್ಮಾಯಿಯವರಿಗೆ ದೊರೆತುದು ಗೆಲುವಿನ ಮಾತು, ಅಧಿಕಾರವಲ್ಲ. ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂದು ಯಾರಾದರೂ ಹಾಸ್ಯ ಮಾಡಬಹುದು. ಆದರೆ ಹಾಕಿದ ಬಾಗಿಲು ಮುಂದಿನ ಊರುಗಳನ್ನು ಕಾಯಿತು. ೨೦೧೬ರ ಜುಲೈಯಲ್ಲಿ ಅರುಣಾಚಲ ಪ್ರದೇಶದಲ್ಲಿ ಹೋದ ಸರ್ಕಾರವನ್ನು ಸರ್ವೋಚ್ಚ ನ್ಯಾಯಾಲಯ ಹಿಂದಕ್ಕೆ ತಂದಿತು. ಕರ್ನಾಟಕದಲ್ಲಿಯೇ ೨೦೧೮ರ ಮೇ ತಿಂಗಳಿನಲ್ಲಿ ಹೊಸ ಮುಖ್ಯಮಂತ್ರಿಗಳಿಗೆ ಬಹುಮತ ತೋರಿಸಲು ರಾಜ್ಯಪಾಲರು ಹದಿನೈದು ದಿನಗಳ ಗಡುವು ಕೊಟ್ಟಿದ್ದಾಗ, ನ್ಯಾಯಾಲಯವು ಮರುದಿನವೇ ಸಭೆಯಲ್ಲಿ ಎಣಿಕೆಯಾಗಲೆಂದು ಆಜ್ಞಾಪಿಸಿತು. ಐದು ವರ್ಷ ಹಿಡಿದ ಕೆಲಸ ಒಂದು ದಿನಕ್ಕಿಳಿಯಿತು.

ಜರ್ಮನರೂ ತಮ್ಮ ಕೇಡಿನಿಂದ ಪಾಠ ಕಲಿತರು. ಅವರ ೧೯೪೯ರ ಮೂಲಕಾನೂನಿನ ಪ್ರಕಾರ ಕೇಂದ್ರವು ಒಂದು ರಾಜ್ಯವನ್ನು ಬಲವಂತಪಡಿಸಬೇಕಾದರೆ ರಾಜ್ಯಗಳ ಪ್ರತಿನಿಧಿಗಳಿರುವ ಮೇಲ್ಮನೆಯ ಒಪ್ಪಿಗೆ ಬೇಕು. ಆ ಅಧಿಕಾರವನ್ನು ಅವರು ಒಮ್ಮೆಯೂ ಬಳಸಿಲ್ಲ. ಕೇಂದ್ರದ ಪ್ರಧಾನಿಯನ್ನು ಇಳಿಸಬೇಕಾದರೆ ಸಭೆಯು ಅದೇ ಮತದಿಂದ ಮುಂದಿನ ಪ್ರಧಾನಿಯನ್ನೂ ಆರಿಸಬೇಕು. ೧೯೮೨ರಲ್ಲಿ ಹೆಲ್ಮುಟ್ ಶ್ಮಿಟ್ಟರು ಇಳಿದು ಹೆಲ್ಮುಟ್ ಕೋಲರು ಏರಿದುದು ಹೀಗೆ. ಕೆಡಹುವವನು ಕಟ್ಟುವ ಹೊಣೆಯನ್ನೂ ಹೊರಬೇಕೆಂಬ ಈ ನಿಯಮ ನಮ್ಮಲ್ಲಿ ಇಲ್ಲ.

ಸಭೆಯ ಎಣಿಕೆಯೂ ಸರ್ವರೋಗಗಳಿಗೆ ಮದ್ದಲ್ಲವೆಂಬುದನ್ನು ಮರೆಮಾಚಬಾರದು. ೨೦೧೯ರ ಜುಲೈ ೨೩ರಂದು ವಿಧಾನಸಭೆಯಲ್ಲಿ ೯೯ಕ್ಕೆ ೧೦೫ ಮತಗಳಿಂದ ಒಂದು ಮಂತ್ರಿಮಂಡಲ ಬಿದ್ದಿತು. ಎಣಿಕೆ ಬಹಿರಂಗವಾಗಿ ನಡೆಯಿತು. ಆದರೆ ಅದಕ್ಕೆ ಮೊದಲು ರಾಜೀನಾಮೆ ಕೊಟ್ಟು ಸಭೆಗೇ ಬಾರದಿದ್ದ ಶಾಸಕರ ವಿಚಾರ ಬಹುಕಾಲ ವಿವಾದದಲ್ಲಿದ್ದಿತು. ನ್ಯಾಯಾಲಯ ಎಣಿಕೆಯ ಕ್ರಮವನ್ನು ಕಾಯಬಲ್ಲದು. ಎಣಿಸಿಕೊಳ್ಳುವವರ ಮನಸ್ಸನ್ನು ಕಾಯಬೇಕಾದವರು ಅವರನ್ನು ಆರಿಸಿ ಕಳುಹಿದ ಮತದಾರರು.

ಕಡೆಯದಾಗಿ, ದೊಡ್ಡ ಸಭೆಗಳನ್ನು ಬಿಟ್ಟು ಮನೆಯ ಬಾಗಿಲಿಗೆ ಬರೋಣ. ಹುಬ್ಬಳ್ಳಿ ಧಾರವಾಡ ಎರಡೂ ಊರುಗಳಿಗೆ ೧೯೬೨ರಲ್ಲಿ ಒಂದೇ ಮಹಾನಗರಪಾಲಿಕೆಯಾಯಿತು. ೧೯೯೩ರಲ್ಲಿ ಜಾರಿಗೆ ಬಂದ ೭೪ನೆಯ ತಿದ್ದುಪಡಿಯಂತೆ ನಗರಸಭೆಯ ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಯಬೇಕು. ಸಭೆಯನ್ನು ವಿಸರ್ಜಿಸುವ ಮುನ್ನ ಅದರ ಮಾತನ್ನು ಕೇಳಬೇಕು. ವಿಸರ್ಜಿಸಿದರೆ ಆರು ತಿಂಗಳೊಳಗೆ ಹೊಸ ಚುನಾವಣೆಯಾಗಬೇಕು. ಒಂದು ಊರಿನ ಪಾಲಿಕೆಗೆ ಹೀಗೆ ಬರಹದಲ್ಲಿ ಕೊಟ್ಟಿರುವ ಅಹವಾಲಿನ ಹಕ್ಕು ಒಂದು ರಾಜ್ಯದ ಮಂತ್ರಿಮಂಡಲಕ್ಕೆ ೩೫೬ನೆಯ ವಿಧಿಯ ಮಾತುಗಳಲ್ಲಿ ಇಲ್ಲವೆಂಬುದು ಸೋಜಿಗವಲ್ಲವೆ? ಆದರೆ ಬರಹವಿದ್ದ ಮಾತ್ರಕ್ಕೆ ಆಚರಣೆಯುಂಟೆಂದು ತಿಳಿಯಬಾರದು. ಇದೇ ಪಾಲಿಕೆಯ ಅವಧಿ ೨೦೧೯ರಲ್ಲಿ ಮುಗಿದರೂ ಚುನಾವಣೆ ನಡೆದುದು ೨೦೨೧ರ ಸೆಪ್ಟೆಂಬರಿನಲ್ಲಿ. ನಡುವೆ ಎರಡು ವರ್ಷಗಳಿಗೂ ಮಿಕ್ಕಿ, ಸಾಂಕ್ರಾಮಿಕದ ಕಷ್ಟಕಾಲವೂ ಸೇರಿದಂತೆ, ಊರಿನ ನೀರು, ರಸ್ತೆ, ಕಸ, ಕಂದಾಯಗಳನ್ನು ನೋಡಿಕೊಂಡವರು ಅಧಿಕಾರಿಗಳು. ಅಧಿಕಾರಿಗಳು ದಕ್ಷರಾಗಿಯೇ ಇರಬಹುದು. ೧೯೩೯ರ ಗವರ್ನರನ ಸಲಹೆಗಾರರಲ್ಲಿಯೂ ದಕ್ಷರಿದ್ದಿರಬಹುದು. ಆದರೆ ನಲ್ಲಿಯಲ್ಲಿ ನೀರು ಬಾರದ ಮನೆಯವರು, ಮುಂದಿನ ಸಲ ನಿಮಗೆ ಮತವಿಲ್ಲ ಎಂದು ಅವರಿಗೆ ಹೇಳಲಾರರು. ಪ್ರಜಾಪ್ರಭುತ್ವದ ಆಡಳಿತಕ್ಕೂ ಬರಿಯ ಆಡಳಿತಕ್ಕೂ ಇರುವ ಭೇದ ಇಷ್ಟೇ.

ಆದುದರಿಂದ ಶ್ರೋತೃಗಳಲ್ಲಿ ನಮ್ಮ ವಿಜ್ಞಾಪನೆಯಿದು. ರಾಜ್ಯದ ಸರ್ಕಾರವಾಗಲಿ ಊರಿನ ಪಾಲಿಕೆಯಾಗಲಿ, ಚುನಾಯಿತ ಸಭೆಯ ಸ್ಥಾನದಲ್ಲಿ ಬೇರೊಬ್ಬರು ಕುಳಿತರೆಂದು ಕೇಳಿದ ದಿನ, ನಮಗೆ ಬೇಕಾದ ಪಕ್ಷ ಹೋಯಿತೇ ಬೇಡವಾದ ಪಕ್ಷ ಹೋಯಿತೇ ಎಂದು ಮೊದಲು ನೋಡದೆ, ಎಣಿಕೆ ಎಲ್ಲಿ ನಡೆಯಿತು, ಚುನಾವಣೆ ಯಾವಾಗ ನಡೆಯುತ್ತದೆ ಎಂಬ ಎರಡು ಮಾತುಗಳನ್ನು ಕೇಳಬೇಕು. ಇವುಗಳಿಗೆ ನೇರವಾದ ಉತ್ತರ ದೊರೆಯುವವರೆಗೆ ಕೇಳುತ್ತಲೇ ಇರಬೇಕು.